ಮಳೆ ರಜೆ ಮಕ್ಕಳಿಗೆ, ಹಾಜರಾತಿ ವಹಿ ನಮಗೆ

ಜಿಲ್ಲಾಧಿಕಾರಿಗಳು ಮಳೆಯ ಕಾರಣಕ್ಕೆ ರಜೆ ಘೋಷಿಸಿದ ಸುದ್ದಿ ಬಂದರೆ ಸಾಕು, ನಮ್ಮ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರಾದರೂ ಕೇಳುತ್ತಾರೆ: "ಮೇಡಂ, ನಮಗೂ ಇದೆಯೇ?" ಇಲ್ಲ ಮಾರಾಯರೇ, ಇಲ್ಲ. ಆ ಆದೇಶದಲ್ಲಿ ಸಾಮಾನ್ಯವಾಗಿ ಇರುವುದು ಶಾಲೆ ಮತ್ತು ಅಂಗನವಾಡಿ, ಕೆಲವೊಮ್ಮೆ ಪದವಿಪೂರ್ವ ಕಾಲೇಜು. ಅದನ್ನೂ ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಪಾಠ ಮಾಡಿ ಸರಿದೂಗಿಸಬೇಕು. ನಮ್ಮ ಮನೆಯವರು ಶಿಕ್ಷಕರು, ಆ ಸಾಲ ತೀರಿಸುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಸಿಬ್ಬಂದಿಯ ರಜೆ, ಸೇವಾ ಪುಸ್ತಕ, ವೇತನ ಬಿಲ್ಲು ನನ್ನ ಮೇಜಿನ ಕೆಲಸ. ವಿಪತ್ತಿನ ದಿನಗಳಲ್ಲಿ ಇವನ್ನು ಹೇಗೆ ನಿಭಾಯಿಸುತ್ತ ಬಂದೆ ಎಂಬುದನ್ನು, ಇದೇ ಮೇಜಿಗೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ಕರ್ನಾಟಕ ನಾಗರಿಕ ಸೇವಾ ನಿಯಮಗಳು ಒಂದು ಮಾತನ್ನು ಬಿಡಿಸಿ ಹೇಳುತ್ತವೆ: ರಜೆ ಹಕ್ಕಲ್ಲ. ಸಾರ್ವಜನಿಕ ಸೇವೆಯ ಅಗತ್ಯ ಬಿದ್ದರೆ ಮಂಜೂರು ಮಾಡುವ ಅಧಿಕಾರಿ ನಿರಾಕರಿಸಬಹುದು, ಕೊಟ್ಟದ್ದನ್ನು ರದ್ದು ಮಾಡಬಹುದು. ವಿಪತ್ತು ನಿರ್ವಹಣಾ ಕಾಯ್ದೆ 2005ರ 56ನೇ ಕಲಂ ಇನ್ನೂ ಬಿಗಿ. ಕಾಯ್ದೆಯಡಿ ವಹಿಸಿದ ಕೆಲಸವನ್ನು ನಿರಾಕರಿಸಿದ ಅಥವಾ ಬಿಟ್ಟುಹೋದ ಅಧಿಕಾರಿಗೆ 1 ವರ್ಷದವರೆಗೆ ಸೆರೆ ಇಲ್ಲವೇ ದಂಡ ವಿಧಿಸಬಹುದು. ಆದರೆ ಮೇಲಧಿಕಾರಿಯ ಸ್ಪಷ್ಟವಾದ ಲಿಖಿತ ಅನುಮತಿ ಅಥವಾ ಬೇರೆ ಕಾನೂನುಬದ್ಧ ಕಾರಣ ಇದ್ದರೆ ಆ ಕಲಂ ತಟ್ಟುವುದಿಲ್ಲ. 'ಲಿಖಿತ' ಎಂಬಲ್ಲಿಯೇ ನನ್ನ ಕೆಲಸ ಶುರುವಾಗುವುದು. ಸಾಹೇಬರು ಫೋನಿನಲ್ಲಿ "ಆಯ್ತು, ಹೋಗಿ ಬನ್ನಿ" ಎಂದದ್ದು ಸೆಪ್ಟೆಂಬರಿನಲ್ಲಿ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ಹಾಗಾಗಿ ಜೂನ್ ಹುಟ್ಟುವ ಮೊದಲೇ ಒಂದು ಜ್ಞಾಪನಕ್ಕೆ ಸಹಿ ಮಾಡಿಸಿ ಎಲ್ಲರಿಗೂ ಹಂಚುತ್ತೇನೆ: ಕೇಂದ್ರಸ್ಥಾನ, ಅಂದರೆ ಕೆಲಸದ ಊರು, ಬಿಡುವವರು ಮೊದಲೇ ಬರೆದು ಕೊಡಬೇಕು, ಫೋನಿನಲ್ಲಿ ಪಡೆದ ಅನುಮತಿಯನ್ನು ಅದೇ ದಿನ ಸಂದೇಶದಲ್ಲಿ ದೃಢಪಡಿಸಿಕೊಳ್ಳಬೇಕು.

ಇನ್ನು ಹಾಜರಾತಿ ವಹಿ. ಬಯೋಮೆಟ್ರಿಕ್ ಯಂತ್ರ ಇರುವುದು ಬೇಸಿಗೆಗೆ. ಆಗುಂಬೆ ಕಡೆಯ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತೆಂದರೆ ಟವರೂ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತದೆ, ಯಂತ್ರದ ಕೆಂಪು ದೀಪವೂ ಆರುತ್ತದೆ. ಆಗ ಉಳಿಯುವುದು ಹಳೆಯ ಉದ್ದನೆಯ ವಹಿ. ಜುಲೈಯಲ್ಲಿ ಅದರ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜೆಲ್ ಪೆನ್ನಿನ ಸಹಿ ಹಿಂದಿನ ಪುಟಕ್ಕೂ ಇಳಿಯುತ್ತದೆ, ಅದಕ್ಕೇ ಬಾಲ್ ಪೆನ್ನನ್ನು ದಾರದಲ್ಲಿ ಕಟ್ಟಿಟ್ಟಿದ್ದೇನೆ. ಬಾರದವರ ಹೆಸರಿನ ಮುಂದಿನ ಚೌಕವನ್ನು ಖಾಲಿ ಬಿಡದೆ ಅಂದೇ ಸಂಜೆ ಪೆನ್ಸಿಲಿನಲ್ಲಿ ಕಾರಣ ಬರೆದಿಡುತ್ತೇನೆ: 'ಕಾಳಜಿ ಕೇಂದ್ರ' (ನೆರೆ ಸಂತ್ರಸ್ತರ ತಾತ್ಕಾಲಿಕ ಆಶ್ರಯ), 'ರಸ್ತೆ ಬಂದ್', 'ಜ್ವರ, ಫೋನ್ ಮಾಡಿದ್ದಾರೆ'. ಅಧಿಕಾರಿ ತೀರ್ಮಾನಿಸಿದ ಮೇಲೆ ಕೆಂಪು ಶಾಯಿ. ತಿಂಗಳ ಕೊನೆಗೆ, ಸರ್ಕಾರಿ ನೌಕರರ ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ವೇತನ ಬಿಲ್ಲು ತಯಾರಿಸುವಾಗ ಖಾಲಿ ಚೌಕ ಕಂಡರೆ ಅದು ಅನಧಿಕೃತ ಗೈರುಹಾಜರಿಯ ವಾದಕ್ಕೆ ತಿರುಗುತ್ತದೆ. ಸಂಬಳ ಕಡಿತದ ಜೊತೆಗೆ ಸೇವಾ ಅವಧಿಯ ಲೆಕ್ಕವೂ ಕೆಡುತ್ತದೆ.

ಕಾಳಜಿ ಕೇಂದ್ರಕ್ಕೋ ಕಂಟ್ರೋಲ್ ರೂಮಿಗೋ ನಿಯೋಜನೆಗೊಂಡವರದು ಸುಲಭ, ಅವರು ಕರ್ತವ್ಯದ ಮೇಲೆಯೇ ಇರುತ್ತಾರೆ. ಆದರೆ ಆದೇಶ ರಾತ್ರಿ ಹತ್ತಕ್ಕೆ ಮೊಬೈಲಿಗೆ ಬರುತ್ತದೆ, ಅದರ ಮುದ್ರಿತ ಪ್ರತಿ ನಮ್ಮ ಕಚೇರಿಗೆ ಬರುವುದೇ ಇಲ್ಲ. ಕರೆಂಟು ಬಂದ ದಿನ ಮೊದಲು ಅದನ್ನು ಮುದ್ರಿಸಿ ಕಡತಕ್ಕೆ ಸೇರಿಸುತ್ತೇನೆ. ಮರಳಿ ಬರುವಾಗ ಅಲ್ಲಿನ ನೋಡಲ್ ಅಧಿಕಾರಿಯಿಂದ ಹಾಜರಾತಿ ಪ್ರಮಾಣಪತ್ರ ತರಲು ಹೇಳುತ್ತೇನೆ. ಪ್ರಯಾಣ ಭತ್ಯೆಯ ಬಿಲ್ಲಿಗೂ ಅದೇ ಆಧಾರ.

ತಲೆನೋವು ಇರುವುದು ದಾರಿಯಲ್ಲಿ ಸಿಕ್ಕಿಬಿದ್ದವರದು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಹಳ್ಳಿಯ ಕಿರುಸೇತುವೆಗಳ ಗತಿ ಹೇಳಬೇಕೇ? 'ರಸ್ತೆ ಕಡಿದ ರಜೆ' ಎಂಬುದೊಂದು ನಿಯಮಗಳಲ್ಲಿ ಇಲ್ಲ. ವಿಶೇಷ ಸಾಂದರ್ಭಿಕ ರಜೆ ಸಿಗಬೇಕಾದರೆ ನಿಯಮದಲ್ಲಿ ಹೆಸರಿಸಿದ ಕಾರಣವಿರಬೇಕು, ಇಲ್ಲವೇ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಬೇಕು. ಎರಡೂ ಇಲ್ಲದಿದ್ದರೆ ಸ್ವಂತ ಸಾಂದರ್ಭಿಕ ರಜೆ ಹೋಗುತ್ತದೆ. 2019ರಲ್ಲಿ ನಾಲ್ಕನೇ ಶನಿವಾರದ ರಜೆ ಕೊಟ್ಟು ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದ ಮೇಲೆ, ಮಲೆನಾಡಿನ ನೌಕರನಿಗೆ ಮಳೆಗಾಲವೊಂದೇ ಅರ್ಧ ನುಂಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಲೆಕ್ಕ ಹಾಕಿದವರಿಗೆ ಹುಲಿಕಲ್ ಘಾಟಿ ನೆನಪಾಗಿರಲಿಕ್ಕಿಲ್ಲ.

ಇದಕ್ಕೆ ನಾವು ಕಂಡುಕೊಂಡ ದಾರಿ ಹೀಗಿದೆ. ಬರಲಾಗದವರು ಹತ್ತಿರದ ಗ್ರಾಮ ಪಂಚಾಯಿತಿಗೆ ಹೋಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಹಾಜರಾಗಿ, ಅಲ್ಲಿ ಕೈಲಾದ ಕೆಲಸ ಮಾಡಿ, ಸಮಯ ನಮೂದಿಸಿದ ಚೀಟಿಗೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಆ ಚೀಟಿಯನ್ನಿಟ್ಟು ನಾನು ಟಿಪ್ಪಣಿ ಬರೆಯುತ್ತೇನೆ, ಅಧಿಕಾರಿ ಒಪ್ಪಿದರೆ 'ಅನ್ಯ ಕಾರ್ಯ ನಿಮಿತ್ತ', ಅಂದರೆ ಬೇರೆಡೆ ಕರ್ತವ್ಯದಲ್ಲಿದ್ದರು ಎಂದು ನಮೂದು. ಒಪ್ಪಲೇಬೇಕೆಂದೇನಿಲ್ಲ. ಒಬ್ಬ ಅಧಿಕಾರಿ ಒಂದನ್ನೂ ಒಪ್ಪದೆ ಎಲ್ಲವನ್ನೂ ಸಾಂದರ್ಭಿಕ ರಜೆಗೆ ಹಾಕಿಸಿದರು, ಮುಂದೆ ಬಂದವರು ಚೀಟಿ ಇದ್ದ ಪ್ರತಿಯೊಂದನ್ನೂ ಒಪ್ಪಿದರು. ಚೀಟಿ ಇಲ್ಲದವರ ಪರವಾಗಿ ವಾದಿಸಲು ಮಾತ್ರ ನನಗೆ ಏನೂ ಇರುವುದಿಲ್ಲ.

ಗಳಿಕೆ ರಜೆಯಲ್ಲಿದ್ದವರನ್ನು ಕಡ್ಡಾಯವಾಗಿ ವಾಪಸು ಕರೆಸಿದರೆ, ಕೆಲಸದ ಸ್ಥಳಕ್ಕೆ ಹೊರಟ ದಿನದಿಂದಲೇ ಅವರು ಕರ್ತವ್ಯದಲ್ಲಿದ್ದಂತೆ. ಉಳಿದ ದಿನಗಳು ರಜೆಯ ಖಾತೆಗೆ ಮರಳಬೇಕು. ಜನವರಿಗೆ 15, ಜುಲೈಗೆ 15 ಜಮೆಯಾಗುವ ಆ ಖಾತೆಯಲ್ಲಿ ಮರುಜಮೆ ಮಾಡುವುದನ್ನು ಕಚೇರಿಗಳು ಮರೆಯುವುದುಂಟು. ನೌಕರರೇ ಸೇವಾ ಪುಸ್ತಕ ತೆರೆಸಿ ನೋಡಬೇಕು.

ಕೋವಿಡ್ ಕಾಲದ ಪೆಟ್ಟು ಬಿದ್ದದ್ದು ರಜೆಗಿಂತ ಸಂಬಳಕ್ಕೆ. 2020ರ ಜನವರಿಯಿಂದ ಏರಬೇಕಿದ್ದ ತುಟ್ಟಿಭತ್ಯೆಯನ್ನು ಕೇಂದ್ರ ತಡೆಹಿಡಿಯಿತು, ರಾಜ್ಯವೂ ಅದೇ ದಾರಿ ಹಿಡಿಯಿತು. 2021ರ ಜುಲೈಯಿಂದ ಶೇ 11.25 ಇದ್ದದ್ದು ಶೇ 21.50 ಆಯಿತು, ನಡುವಿನ ಬಾಕಿ ಮಾತ್ರ ಕೈಗೆ ಬರಲಿಲ್ಲ. ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ ಮಾಡಿದವರು "ನಮ್ಮದೂ ಹೋಯಿತೇ?" ಎಂದು ಕೇಳಿದರೆ ಹೌದು ಎನ್ನದೆ ಬೇರೆ ದಾರಿ ನನಗಿರಲಿಲ್ಲ.

ಘೋಷಣೆಯೇ ಇಲ್ಲದ ತುರ್ತೂ ನಮ್ಮಲ್ಲುಂಟು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಕಾಡಂಚಿನ ಮನೆಗಳಿಗೆ ಕಾಯಿಲೆ ಹರಡುವ ಉಣ್ಣೆಗಳನ್ನು ದೂರವಿಡುವ ಎಣ್ಣೆ ಹಂಚುತ್ತ ತಿರುಗುವ ಆಶಾ ಕಾರ್ಯಕರ್ತೆಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ. ನಾನು ಇಲ್ಲಿ ಬರೆದ ಯಾವ ರಜೆಯೂ ಆಕೆಗೆ ಅನ್ವಯಿಸುವುದಿಲ್ಲ.

ಹೊರಗುತ್ತಿಗೆಯವರ ಕಥೆಯೂ ಹೆಚ್ಚುಕಡಿಮೆ ಅದೇ. 2020ರ ಮಾರ್ಚಿನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ, ಲಾಕ್‌ಡೌನಿನಿಂದ ಮನೆಯಲ್ಲಿ ಉಳಿಯಬೇಕಾದ ತನ್ನ ಕಚೇರಿಗಳ ಗುತ್ತಿಗೆ, ಹೊರಗುತ್ತಿಗೆ ಸಿಬ್ಬಂದಿಯನ್ನು ಕರ್ತವ್ಯದಲ್ಲಿದ್ದಂತೆ ಪರಿಗಣಿಸಿ ಸಂಬಳ ಕೊಡಲು ಹೇಳಿತ್ತು. ನೆರೆಗೆ ಅಂಥದ್ದೇನೂ ಇಲ್ಲ. ನಮ್ಮ ಜೀಪಿನ ಚಾಲಕ ಹೊರಗುತ್ತಿಗೆಯವನು. ನೀರು ಇಳಿಯುವವರೆಗೆ ಸೇತುವೆಯ ಆಚೆ ದಡದಲ್ಲೇ ಜನರನ್ನು ಸಾಗಿಸುತ್ತಿದ್ದ. ಅವನ ಸಂಬಳ ಹೋಗುವುದು ಏಜೆನ್ಸಿಯಿಂದ, ನಾವು ಕೊಡುವ ಹಾಜರಾತಿ ಪಟ್ಟಿಯ ಮೇಲೆ. ಅಷ್ಟೂ ದಿನ ಹಾಜರೆಂದು ಬರೆದು, ಆ ಊರಿನ ಗ್ರಾಮ ಆಡಳಿತ ಅಧಿಕಾರಿಯ ಪತ್ರ ಲಗತ್ತಿಸಿದೆ. ಆಗಿನ ಏಜೆನ್ಸಿ ಹಣ ಕೊಟ್ಟಿತು. ಮುಂದೆ ಟೆಂಡರು ಬೇರೆಯವರ ಪಾಲಾಯಿತು, ಅವರು ಅಂಥದೇ ಪತ್ರವನ್ನು ಒಪ್ಪದೆ ಷರತ್ತಿನ ಹಾಳೆ ತೋರಿಸಿದರು. ಈ ಸಲದ ಟೆಂಡರ್ ಕರಡಿಗೆ, ವಿಪತ್ತು ಘೋಷಣೆಯಾದ ದಿನಗಳಲ್ಲಿ ಸ್ಥಳೀಯ ಅಧಿಕಾರಿ ದೃಢೀಕರಿಸಿದ ಹಾಜರಿಯನ್ನು ಪೂರ್ಣ ಹಾಜರಿ ಎಂದು ಎಣಿಸಬೇಕೆಂಬ ಸಾಲು ಸೇರಿಸಿ ಜಿಲ್ಲಾ ಕಚೇರಿಗೆ ಕಳುಹಿಸಿದ್ದೇವೆ. ಕಡತ ಲೆಕ್ಕಪತ್ರ ಶಾಖೆಯಲ್ಲಿದೆ ಎಂದು ತಿಳಿದುಬಂತು.