ಮೂರು ನೆಲಕ್ಕೆ ಹಂಚಿದ ಹಿಂಡು

ಚಳ್ಳಕೆರೆ ಸೀಮೆಯಲ್ಲಿ ಮಾಂಸಕ್ಕಾಗಿ ಕುರಿ ಸಾಕುವವನು ಮಳೆ ನಂಬಿ ಕೂರುವ ಹಾಗಿಲ್ಲ. ಒಂದು ಹೋಬಳಿಗೆ ಸುರಿದ ಮಳೆ ಪಕ್ಕದ ಹೋಬಳಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ನನ್ನ ಇನ್ನೂರು ಚಿಲ್ಲರೆ ಬಳ್ಳಾರಿ ತಳಿಯ ಕುರಿಗಳನ್ನು ಊರಿನ ಕೆಂಪು ಮಣ್ಣಿನ ಎತ್ತರದ ಬೋರೆ, ಹಿರಿಯೂರು ಕಡೆಯ ಕಪ್ಪು ಮಣ್ಣಿನ ಎರೆ ಹೊಲ, ದಾವಣಗೆರೆ ಸುತ್ತಿನ ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಹಂಚುತ್ತೇನೆ.

ಒಂದು ಕಡೆ ಮೇವು ತಪ್ಪಿದರೆ ಇನ್ನೊಂದು ಕಡೆ ಸಿಗುತ್ತದೆ ಎನ್ನುವುದು ಎಲ್ಲ ಕುರಿಗಾಹಿಗಳಿಗೂ ಗೊತ್ತಿರುವ ಲೆಕ್ಕ. ಆದರೆ ಒಂದೊಂದು ನೆಲಕ್ಕೂ ಅದರದೇ ಕಂಟಕವಿದೆ. ಯಾವ ಕುರಿ ಎಲ್ಲಿಗೆ ಎಂದು ತೀರ್ಮಾನಿಸುವಾಗ ಮೇವಿಗಿಂತ ಮೊದಲು ನಾನು ಅದನ್ನು ನೋಡುತ್ತೇನೆ.

ಗಬ್ಬದ ಕುರಿಗಳೂ ಎಳೆ ಮರಿಗಳ ತಾಯಂದಿರೂ ಊರು ಬಿಡುವುದಿಲ್ಲ. ಬೋರೆಯಲ್ಲಿ ಹುಲ್ಲು ತೆಳು, ಆದರೆ ನೀರು ನಿಲ್ಲದು. ಒಟ್ಟಿಟ್ಟ ಶೇಂಗಾ ಹೊಟ್ಟು ಬೇಸಿಗೆ ದಾಟಿಸುತ್ತದೆ. ಇಲ್ಲಿ ಭಯ ಮುಂಗಾರಿನ ಮೊದಲ ಚಿಗುರಿನದು. ಹಸಿದ ಕುರಿ ಅದನ್ನು ಗಬಗಬ ಮೇದರೆ ಕರುಳುಬೇನೆ ಬರುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಲಸಿಕೆ ಹಾಕಿಸಿಬಿಡುತ್ತೇನೆ.

ಎರೆ ಹೊಲಕ್ಕೆ ಜೋಳ, ಕಡಲೆ ಕೊಯ್ಲಾಗಿ ನೆಲ ಬಿರಿದ ಮೇಲೆಯೇ ಹೋಗುವುದು. ಹಸಿ ಎರೆ ಗೊರಸಿನ ಸಂದಿಗೆ ಮೆತ್ತಿಕೊಂಡರೆ ಕಾಲು ಕೊಳೆಯುತ್ತದೆ. ಕೊಯ್ದು ಉಳಿದ ಜೋಳದ ಕೂಳೆ ಚಿಗುರಿದ್ದರಂತೂ ಆ ಹೊಲದ ಸಹವಾಸವೇ ಬೇಡ. ಎಳೆ ಚಿಗುರಿನಲ್ಲಿರುವ ಸಯನೈಡ್ ವಿಷ ವೈದ್ಯರು ಬರುವ ತನಕ ಕಾಯುವುದಿಲ್ಲ. ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿದ್ದಕ್ಕೆ ಹೊಲದವರು ರಾತ್ರಿಗಿಷ್ಟೆಂದು ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಅಲ್ಲಿ ಕಾಯುವ ನನ್ನ ತಮ್ಮನ ಖರ್ಚು ಅದರಲ್ಲೇ ಕಳೆಯುತ್ತದೆ.

ಭತ್ತ ಕೊಯ್ದ ಗದ್ದೆ ಬಯಲು ಹಸಿರು ತೋರಿಸಿ ಕರೆಯುತ್ತದೆ, ಮೋಸವೂ ಅಲ್ಲೇ ಹೆಚ್ಚು. ಕಾಲುವೆ ಬದಿಯ ಬಸವನಹುಳುವಿನ ದೆಸೆಯಿಂದ ಯಕೃತ್ತಿನ ಜಂತು ಸೇರುತ್ತದೆ. ಹಿಂಗಾರಿನ ತೇವ ಆರದಿದ್ದರೆ ನುಸಿ ಕಚ್ಚಿ ನೀಲಿ ನಾಲಿಗೆ ರೋಗ ಹರಡುತ್ತದೆ. ತಳಿಗೆ ಇಟ್ಟುಕೊಂಡ ಹೆಣ್ಣು ಕುರಿಗಳನ್ನು ಅಲ್ಲಿಗೆ ಕಳಿಸುವುದಿಲ್ಲ. ಯುಗಾದಿ ಮರುದಿನದ ಹೊಸತೊಡಕಿನ ಮಾರಾಟಕ್ಕೆ ಬೆಳೆಸುವ ಟಗರು ಮರಿಗಳಷ್ಟೇ ಹೋಗುತ್ತವೆ. ಅವುಗಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮಗುಚಿ ನೋಡುತ್ತಿರಬೇಕು. ಒಳಗೆ ಕೆಂಪಿದ್ದರೆ ಸರಿ. ಬಿಳಿಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿ ಜೋತಿದ್ದರೆ, ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕುಡಿಸುತ್ತೇನೆ. ಔಷಧಿ ಕೊಟ್ಟ ಮರಿಯನ್ನು ಅವರು ಹೇಳಿದಷ್ಟು ದಿನ ಮಾರುವುದಿಲ್ಲ.

ಹಂಚಿದಷ್ಟೂ ಕಾಯುವ ಕೈ ಹೆಚ್ಚು ಬೇಕು, ಲಾರಿ ಬಾಡಿಗೆಯೂ ಬೀಳುತ್ತದೆ. ನಲವತ್ತು ಕುರಿಯಿರುವ ಪಕ್ಕದ ಹೊಲದ ಹುಡುಗ "ನಾನೂ ಹೀಗೇ ಮಾಡಲೇನಣ್ಣ?" ಎಂದು ಕೇಳಿದ. ಬೇಡ ಎಂದೆ. ಆ ದುಡ್ಡಿಗೆ ಇನ್ನೊಂದು ಗಾಡಿ ಶೇಂಗಾ ಹೊಟ್ಟು ಕೊಂಡಿಡು ಎಂದೆ.