ಹತ್ತದೇ ಕುದುರೆ ಸಾಕುದು ಹೇಗೆ, ನಮ್ಮ ಕರಾವಳಿಯವರಿಗೆ

ಮನೇಲಿ ಕುದುರೆ ಉಂಟು ಅಂದ ಕೂಡ್ಲೆ ಎಲ್ರೂ ಕೇಳುದು ಒಂದೇ, ಹತ್ತಿ ಓಡಿಸ್ತೀರಾ ಅಂತ. ಇಲ್ಲ ಅಂದ್ರೆ ಮತ್ತೆ ಎಂತಕ್ಕೆ ಮಾರಾಯ್ರೆ ಇಷ್ಟು ಖರ್ಚು ಅಂತಾರೆ. ಕಂಬಳದ ಕೋಣ ಸಾಕುವ ಯಜಮಾನ್ರನ್ನು ಯಾರಾದ್ರೂ ಹಾಗೆ ಕೇಳ್ತಾರಾ? ಅಲ್ಲಿ ಓಡಿಸುವವರು ಬೇರೆ, ಸಾಕುವವರು ಬೇರೆ, ಆದ್ರೂ ಹುರುಳಿ ಬೇಯಿಸಿ ಹಾಕುದು, ಎಣ್ಣೆ ಹಚ್ಚಿ ತಿಕ್ಕುದು, ಅದ್ರಲ್ಲೇ ಅವ್ರಿಗೆ ವರ್ಷ ಇಡೀ ಖುಷಿ. ಕುದುರೆಯಲ್ಲೂ ಅಷ್ಟೇ, ಅದನ್ನು ನೋಡಿಕೊಳ್ಳುವುದರಲ್ಲೇ ಮುಕ್ಕಾಲು ಸುಖ ಇರುದು. ಬೆನ್ನುನೋವಿನವರು, ಪ್ರಾಯ ಆದವರು, ಹತ್ಲಿಕ್ಕೆ ಹೆದರುವವರು ಯಾರೂ ಹಿಂಜರಿಬೇಡಿ. ರೇಸ್ ಬಿಟ್ಟ ಥರೋಬ್ರೆಡ್ ಕುದುರೆಗಳಲ್ಲಿ ಕಾಲಿನ ನರ (ಟೆಂಡನ್, ಅಂದ್ರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಪೆಟ್ಟಾಗಿ ಸವಾರಿಗೆ ಆಗದವು ತುಂಬಾ ಇರ್ತವೆ, ಅವಕ್ಕೆ ಹೆಚ್ಚಾಗಿ ಹತ್ತು ವರ್ಷ ಕೂಡ ಆಗಿರುದಿಲ್ಲ, ಬದುಕುದು 25-30 ವರ್ಷ. ಅಂಥದ್ದಕ್ಕೆ ಬೇಕಾದ್ದು ನಿಮ್ಮಂಥವರೇ.

ಮೊದಲು ಒಂದು ಮಾತು, ಒಂದೇ ಕುದುರೆಯನ್ನು ಒಂಟಿಯಾಗಿ ಕಟ್ಟಿ ಹಾಕ್ಬೇಡಿ. ಅದು ಹಿಂಡಿನ ಪ್ರಾಣಿ. ಇನ್ನೊಂದು ಕುದುರೆ ಆದ್ರೆ ಒಳ್ಳೆದು, ಆಗದಿದ್ರೆ ಕಣ್ಣಿಗೆ ಕಾಣುವ ಹಾಗೆ ಒಂದು ಆಡೋ ದನವೋ ಪಕ್ಕದಲ್ಲಿ ಇರ್ಲಿ.

ಇನ್ನು ಗೊರಸು. ಉಡುಪಿ ಮಂಗಳೂರಲ್ಲಿ ಕುದುರೆ ಸಾಕುವವರ ಅರ್ಧ ಕೆಲಸ ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ಒಣಗುದೇ ಇಲ್ಲ ಅಲ್ವಾ, ಗೊರಸಿನ ಅಡಿಯಲ್ಲಿ ಮಧ್ಯ ವಿ ಆಕಾರದಲ್ಲಿ ಮೆತ್ತಗಿರುವ ಭಾಗ ಉಂಟು, ಫ್ರಾಗ್ ಅಂತಾರೆ, ಅದರ ಎರಡು ಬದಿಯ ಸಂದಿಯಲ್ಲಿ ಕೆಸರು ಸೆಗಣಿ ಕೂತು ಕೊಳೆತ್ರೆ ಕಪ್ಪು ಕಪ್ಪಾಗಿ ಕೆಟ್ಟ ವಾಸನೆ ಬರ್ತದೆ, ಅದೇ ಥ್ರಶ್. ದಿನಾ ನಾಲ್ಕೂ ಕಾಲು ಎತ್ತಿ ನೋಡಿ. ಕುದುರೆಯ ಹೆಗಲ ಪಕ್ಕ ನಿಂತು, ನಿಮ್ಮ ಮುಖ ಅದರ ಬಾಲದ ಕಡೆ ಇರ್ಬೇಕು, ಕೈಯನ್ನು ಹೆಗಲಿಂದ ನಿಧಾನ ಕೆಳಗೆ ಜಾರಿಸ್ಕೊಂಡು ಹೋಗಿ, ಅದು ತೂಕ ಬೇರೆ ಕಾಲಿಗೆ ಹಾಕಿದ ಮೇಲೆ ಎತ್ತಿ, ಗೊರಸು ಕೆರೆಯುವ ಕೊಕ್ಕೆಯಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೀರಿ. ಬಟ್ಟೆಯಲ್ಲಿ ಒರೆಸಿ ಒಣಗಿಸಿ, ವಾಸನೆ ಇದ್ರೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಸವಾರಿ ಇಲ್ಲದ ಕುದುರೆಗೆ ಹೆಚ್ಚಾಗಿ ಲಾಳ ಬೇಕಾಗುದಿಲ್ಲ, ಆದ್ರೆ 6-8 ವಾರಕ್ಕೊಮ್ಮೆ ಗೊರಸು ಕತ್ತರಿಸ್ಲೇಬೇಕು, ಲಾಳ ಇಲ್ಲ ಅಂತ ಅದನ್ನು ಬಿಟ್ಟುಬಿಡ್ಬೇಡಿ. ಮತ್ತೆ ಲಾಯದ ನೆಲ ಅಂಗಳಕ್ಕಿಂತ ಎತ್ತರ ಇರ್ಲಿ, ಮಳೆಗಾಲದಲ್ಲಿ ನಿಲ್ಲಿಕ್ಕೆ ಒಂದು ಒಣ ಜಾಗ ಇದ್ರೆ ಅರ್ಧ ರೋಗ ಬರುದೇ ಇಲ್ಲ.

ಮೇವಿನಲ್ಲಿ ದನದ ಲೆಕ್ಕ ಹಾಕ್ಬೇಡಿ. 400 ಕೆಜಿ ಕುದುರೆಗೆ ದಿನಕ್ಕೆ 6-8 ಕೆಜಿ ಒಣ ಮೇವು ಬೇಕು, ಹಸಿ ಹುಲ್ಲಾದ್ರೆ ಅದರ ಎಷ್ಟೋ ಪಟ್ಟು ಜಾಸ್ತಿ. ಡೈರಿಯವರು ಬೆಳೆಸುವ ನೇಪಿಯರ್ ಹುಲ್ಲು ಇಲ್ಲಿ ಸುಲಭಕ್ಕೆ ಸಿಗ್ತದೆ, ಆದ್ರೆ ಅದ್ರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಹಿಡಿದಿಟ್ಕೊಳ್ತದೆ, ಬರೀ ಅದನ್ನೇ ಹಾಕಿದ್ರೆ ಮೂಳೆ ಸೊರಗ್ತದೆ. ಬೇರೆ ಹುಲ್ಲು ಸೇರಿಸಿ, ಕ್ಯಾಲ್ಸಿಯಂ ಎಷ್ಟು ಅಂತ ಡಾಕ್ಟ್ರ ಹತ್ರ ಕೇಳಿ. ದನ ಕೋಳಿಗಳ ಕೆಲವು ಆಹಾರಕ್ಕೆ ಮೊನೆನ್ಸಿನ್ ಅನ್ನುವ ಔಷಧಿ ಸೇರಿಸಿರ್ತಾರೆ, ಅದು ಕುದುರೆಯ ಹೃದಯಕ್ಕೆ ವಿಷ, ಹತ್ತಿರವೂ ತರ್ಬೇಡಿ. ಬೈಹುಲ್ಲಿಗೆ ಬೂಸ್ಟು ಹಿಡಿದಿದ್ರೆ ಬಿಸಾಡಿ, ಕುದುರೆಗೆ ವಾಂತಿ ಮಾಡ್ಲಿಕ್ಕೇ ಆಗುದಿಲ್ಲ. ಬೇಲಿ ಬದಿಯ ಕಣಗಿಲೆ ಗಿಡ ಇದ್ರೆ ಇವತ್ತೇ ಕಿತ್ತು ಹಾಕಿ.

ಈಗ ಸಂತೋಷದ ವಿಷಯ. ಬ್ರಷ್ ಮಾಡಿ ಆದ ಮೇಲೆ ಕುತ್ತಿಗೆ ಮುಗಿದು ಬೆನ್ನು ಶುರು ಆಗುವ ಎತ್ತರದ ಜಾಗ ಉಂಟಲ್ಲ, ಅಲ್ಲಿ ಬೆರಳಿನ ತುದಿಯಿಂದ ಗಟ್ಟಿಯಾಗಿ ತುರಿಸಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ತುರಿಸುದು ಅಲ್ಲೇ, ಅಲ್ಲಿ ತುರಿಸಿದ್ರೆ ಎದೆಬಡಿತ ಇಳಿತದೆ. ನಮ್ಮ ಹೆಣ್ಣು ಕುದುರೆ ಮೇಲಿನ ತುಟಿ ಉದ್ದ ಮಾಡಿ ಒಂದು ಬದಿಗೆ ತಿರುಗಿಸಿ ನಡುಗಿಸ್ತದೆ, ಕಣ್ಣು ಅರ್ಧ ಮುಚ್ಚಿ ನನ್ನ ಕಡೆಗೇ ವಾಲ್ತದೆ, ನಿಲ್ಲಿಸಿದ್ರೆ ತಲೆ ತಿರುಗಿಸಿ ನೋಡ್ತದೆ. ಅದು ನೋಡ್ಲಿಕ್ಕೆ ಸಿಕ್ಕಿದ್ರೆ ಸವಾರಿ ನೆನಪಿಗೇ ಬರುದಿಲ್ಲ ಮಾರ್ರೆ.

ಹಗ್ಗ ಹಿಡಿದು ಒಟ್ಟಿಗೆ ನಡೆಯುದು ಇನ್ನೊಂದು. ಹೆಗಲ ಹತ್ತಿರ ನಡೀರಿ, ಹಗ್ಗವನ್ನು ಕೈಗೆ ಯಾವತ್ತೂ ಸುತ್ಕೊಳ್ಬೇಡಿ. ನಿಂತ್ರೆ ನಿಲ್ಲುದು, ಹಿಂದೆ ಸರಿ ಅಂದ್ರೆ ಎರಡು ಹೆಜ್ಜೆ ಹಿಂದೆ ಹೋಗುದು, ಹಿಂದಿನ ಕಾಲು ಅಡ್ಡ ಇಟ್ಟು ತಿರುಗುದು, ಇದನ್ನು ದಿನಾ ಸ್ವಲ್ಪ ಸ್ವಲ್ಪ ಕಲಿಸ್ಬಹುದು, ಸರಿ ಮಾಡಿದ ಕೂಡ್ಲೆ ಹಗ್ಗ ಸಡಿಲ ಬಿಡಿ, ಅದೇ ಅದಕ್ಕೆ ಬಹುಮಾನ. ಬೀಚಿಗೆ ಕರ್ಕೊಂಡು ಹೋಗುದಾದ್ರೆ ಪಣಂಬೂರು, ಮಲ್ಪೆಯಲ್ಲಿ ಸಂಜೆ ಜನ ಜಾಸ್ತಿ, ಬೆಳ್ಳಂಬೆಳಗ್ಗೆ ಖಾಲಿ ಇರುವ ಕಡೆ ಹೋಗಿ, ನೀರು ಇಳಿದ ಮೇಲೆ ಗಟ್ಟಿ ಇರುವ ಹೊಯ್ಗೆ ಮೇಲೆ ನಡೆಸಿ, ಸಡಿಲ ಹೊಯ್ಗೆಯಲ್ಲಿ ನರಕ್ಕೆ ಎಳೆತ. ಮನೆಗೆ ಬಂದು ಉಪ್ಪುನೀರು ತೊಳೀರಿ.

ಕಡಲ ಬದಿ ಮನೆಯವರು ಮೇವನ್ನು ಹೊಯ್ಗೆ ಮೇಲೆ ಹಾಕ್ಬೇಡಿ, ಹೊಟ್ಟೆಗೆ ಹೋಗಿ ಕೂರ್ತದೆ. ಅನುಮಾನ ಇದ್ರೆ ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ ಇಡಿ, ಅಡಿಯಲ್ಲಿ ಹೊಯ್ಗೆ ಕೂತ್ರೆ ಡಾಕ್ಟ್ರಿಗೆ ಹೇಳಿ.

ಒಂದು ನೋಟ್ ಪುಸ್ತಕ ಇಡಿ. ಆರಾಮ ನಿಂತಾಗ ನಾಡಿ ನಿಮಿಷಕ್ಕೆ 28-44, ಉಸಿರು 8-16, ಜ್ವರ ನೋಡಿದ್ರೆ 37.5-38.5 ಡಿಗ್ರಿ ಸೆಲ್ಸಿಯಸ್, ಇದು ಸರಿ ಇರುವ ಲೆಕ್ಕ. ನಿಮ್ಮ ಕುದುರೆಯದ್ದು ಎಷ್ಟು ಅಂತ ಗೊತ್ತಿದ್ರೆ ಬದಲಾದ ದಿನ ತಕ್ಷಣ ತಿಳಿತದೆ. ಏಪ್ರಿಲ್ ಮೇ ಸೆಕೆಯಲ್ಲಿ ಉಸಿರು ಜೋರಾಗಿದ್ದು ಮೈ ಬೆವರದೆ ಒಣಗಿದ್ರೆ ಕೂಡ್ಲೆ ನೆರಳಿಗೆ ತಂದು ನೀರು ಹೊಯ್ಯಿರಿ, ಡಾಕ್ಟ್ರನ್ನು ಕರೀರಿ. ಮೇವು ಬಿಟ್ಟು ಹೊಟ್ಟೆ ಕಡೆ ತಿರುಗಿ ನೋಡುದು, ಹೊರಳಾಡುದು ಕಂಡ್ರೆ ಕಾಯ್ಬೇಡಿ, ಹೊಟ್ಟೆನೋವು ಅದು. ಇಲ್ಲಿ ಹೆಚ್ಚಿನ ಡಾಕ್ಟ್ರು ದನ ನೋಡುವವರು, ಹಾಗಾಗಿ ಕುದುರೆ ನೋಡಿ ಗೊತ್ತಿರುವವರ ನಂಬರ್ ಕುದುರೆ ತರುವ ಮೊದಲೇ ಹುಡುಕಿ ಇಟ್ಕೊಳ್ಳಿ, ಟೆಟನಸ್ ಲಸಿಕೆಯೂ ಅವರ ಹತ್ರವೇ ಹಾಕಿಸಿ.

ಲದ್ದಿ ಬಿಸಾಡ್ಲಿಕ್ಕೆ ಇಲ್ಲ. ಮಾಡಿನ ಕೆಳಗೆ ರಾಶಿ ಹಾಕಿ ಚೆನ್ನಾಗಿ ಕೊಳೆಸಿ ಅಡಿಕೆ ಬುಡಕ್ಕೆ, ಮಲ್ಲಿಗೆ ಗಿಡಕ್ಕೆ ಹಾಕಿ, ಶಂಕರಪುರ ಕಡೆಯಲ್ಲಿ ಮಲ್ಲಿಗೆ ಬೆಳೆಸುವವರು ನಿಮ್ಮ ಪರಿಚಯದಲ್ಲಿ ಇದ್ರೆ ಅವರಿಗೂ ಒಂದು ಗೋಣಿ ಕೊಟ್ಟು ನೋಡಿ.