ಮೇಜಿನ ಮೇಲಿನ ಸ್ಪೀಕರಿಗೆ ಟ್ಯೂಬ್ ಪ್ರೀಆಂಪ್: ಕೊಳ್ಳುವ ಮೊದಲು ಏನು ನೋಡಬೇಕು?

ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡವರು ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಈಗಲೂ ಇದ್ದಾರೆ. ಕೇಳುವುದು ಮೇಜಿನ ಮೇಲಿನ ಎರಡು ಸಣ್ಣ ಸ್ಪೀಕರ್‌ಗಳಲ್ಲಿ. ಭಾಗವತರ ಸ್ವರ ತೆಳುವಾಗಿದೆ, ಚೆಂಡೆ ಕಿವಿಗೆ ಚುಚ್ಚುತ್ತದೆ ಅನಿಸಿದಾಗ ಆನ್‌ಲೈನ್‌ನಲ್ಲಿ ಹುಡುಕುತ್ತಾರೆ. ಆಗ ಕಾಣಸಿಗುವುದು ಟ್ಯೂಬ್ ಪ್ರೀಆಂಪ್, ಅಂದರೆ ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಜೋಡಿಸುವ ಅಂಗೈಯಗಲದ ಪೆಟ್ಟಿಗೆ, ಮೇಲೆ ಹೊಳೆಯುವ ಎರಡು ಟ್ಯೂಬ್. ಬೆಲೆ ಕೆಲವು ಸಾವಿರ ರೂಪಾಯಿ. ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. ಆದರೆ ಆ ಪೆಟ್ಟಿಗೆಯನ್ನು ನೋಡುವ ಮೊದಲು ಅದರ ಹಿಂದೆ ಮತ್ತು ಮುಂದೆ ಏನು ಜೋಡಿಸುತ್ತೀರಿ ಎಂದು ನೋಡಬೇಕು. ಆಯ್ಕೆಯ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಟ್ಯೂಬ್ ಎಂದರೆ ಅಜ್ಜಂದಿರ ಕಾಲದ ರೇಡಿಯೊದಲ್ಲಿದ್ದ ವಾಲ್ವ್. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ವಾಲ್ವ್ ತನ್ನ ಮೂಲಕ ಹೋಗುವ ಸ್ವರಕ್ಕೆ ಸ್ವಲ್ಪ ಸೇರಿಸಿ ಕಳಿಸುತ್ತದೆ. 200 ಹರ್ಟ್ಜ್‌ನ ಸ್ವರ ಹೋದರೆ ಅದರ ಜೊತೆ 400 ಹರ್ಟ್ಜ್‌ನ ಸಣ್ಣ ಎಳೆಯೂ ಬರುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಷಡ್ಜದ ಜೊತೆ ಮೇಲಿನ ಷಡ್ಜವೂ ಮೆಲ್ಲಗೆ ಸೇರಿದ ಹಾಗೆ. ಎರಡೂ ಒಂದಕ್ಕೊಂದು ಒಪ್ಪುವುದರಿಂದ ಮನುಷ್ಯರ ಸ್ವರ ತುಂಬಿಕೊಂಡಂತೆ ಕೇಳುತ್ತದೆ.

ಕ್ಯಾಸೆಟ್‌ನ ಬುಸ್ ಎನ್ನುವ ಸದ್ದು ಇದರಿಂದ ಹೋಗುವುದಿಲ್ಲ. ಧ್ವನಿಮುದ್ರಣದಲ್ಲಿ ಇಲ್ಲದ ವಿವರ ಹೊಸದಾಗಿ ಬರುವುದೂ ಇಲ್ಲ. ಸ್ಪೀಕರ್ ಗೋಡೆಗೆ ಅಂಟಿಕೊಂಡಿದ್ದರೆ ಮೊದಲು ಈಚೆಗೆ ಎಳೆಯಿರಿ, ಕಿವಿಯ ಎತ್ತರಕ್ಕೆ ತನ್ನಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ, ದುಡ್ಡೂ ಉಳಿಯುತ್ತದೆ.

ಮೊದಲ ಹೆಜ್ಜೆ: ಗೇನ್ ಎಷ್ಟು ಬೇಕು?

ಗೇನ್ ಎಂದರೆ ಪೆಟ್ಟಿಗೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಇಟ್ಟು, ಸ್ಪೀಕರಿನ ನಾಬ್ ತಿರುಗಿಸಿ ನೀವು ದಿನಾ ಕೇಳುವ ಮಟ್ಟಕ್ಕೆ ತನ್ನಿ. ನಾಬ್ ಎಲ್ಲಿ ನಿಂತಿತು? ಅರ್ಧಕ್ಕಿಂತ ಕೆಳಗಿದ್ದರೆ ನಿಮಗೆ ಇನ್ನಷ್ಟು ಗೇನ್ ಬೇಕಾಗಿಲ್ಲ. ಹೊರಗೆ ಜೋಡಿಸುವ ಯುಎಸ್‌ಬಿ ಡ್ಯಾಕ್‌ಗಳು (ಕಂಪ್ಯೂಟರಿನ ಡಿಜಿಟಲ್ ಸಿಗ್ನಲನ್ನು ಸ್ಪೀಕರಿಗೆ ಬೇಕಾದ ಸಿಗ್ನಲಾಗಿ ಬದಲಿಸುವ ಸಾಧನಗಳು) ಸಾಮಾನ್ಯವಾಗಿ 2 ವೋಲ್ಟ್‌ವರೆಗೆ ಕೊಡುತ್ತವೆ. ಮೇಜಿನ ಸ್ಪೀಕರಿಗೆ ಅದು ಧಾರಾಳ.

ಜನ ಎಡವುವುದು ಇಲ್ಲೇ. ಜಾಸ್ತಿ ಗೇನ್ ಇರುವ ಪ್ರೀಆಂಪ್ ತಂದರೆ ನಾಬನ್ನು ಚೂರು ತಿರುಗಿಸಿದ ಕೂಡಲೇ ಕೋಣೆ ತುಂಬ ಸದ್ದು. ಕಡಿಮೆ ಬೆಲೆಯ ವಾಲ್ಯೂಮ್ ಕಂಟ್ರೋಲ್‌ಗಳಲ್ಲಿ ಆ ಮೊದಲ ತುಂಡಿನಲ್ಲಿ ಎಡ ಬಲ ಸಮ ಇರುವುದಿಲ್ಲ. ಭಾಗವತರು ಒಂದು ಬದಿಗೆ ಸರಿದು ಹಾಡಿದ ಹಾಗೆ ಕೇಳುತ್ತದೆ. ಕ್ಯಾಸೆಟ್‌ನ ಬುಸ್ ಸದ್ದೂ ದೊಡ್ಡದಾಗುತ್ತದೆ.

ಟ್ಯೂಬಿನ ನಂಬರ್ ನೋಡಬೇಕಾದದ್ದು ಇದೇ ಕಾರಣಕ್ಕೆ. 12ಎಎಕ್ಸ್7 ಎಂಬುದರ ವರ್ಧನಾಂಕ, ಅಂದರೆ ಟ್ಯೂಬ್ ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬ ಅಂಕಿ, 100. ನೋಡಲು ಹಾಗೆಯೇ ಇರುವ 12ಎಯು7ದ್ದು ಸುಮಾರು 20. ಸರ್ಕ್ಯೂಟಿನಲ್ಲಿ ಸಿಗುವ ಗೇನ್ ಇದಕ್ಕಿಂತ ಕಡಿಮೆ, ಆದರೂ ವ್ಯತ್ಯಾಸ ದೊಡ್ಡದು. ಮೇಜಿನ ಮೇಲಿನ ಬಳಕೆಗೆ ನನ್ನ ಆಯ್ಕೆ 12ಎಯು7, ಇಲ್ಲವಾದರೆ ಗೇನೇ ಇಲ್ಲದ ಬಫರ್ ಮಾದರಿ. ತೀರಾ ಸಣ್ಣ ಪೆಟ್ಟಿಗೆಗಳಲ್ಲಿ 6ಜೆ1, 6ಕೆ4 ಎಂಬ ಏಳು ಕಾಲಿನ ಟ್ಯೂಬ್‌ಗಳು ಬರುತ್ತವೆ. ಅವೂ ಆಗುತ್ತದೆ. ಒಟ್ಟು ಗೇನ್ ಎಷ್ಟು ಡೆಸಿಬಲ್ ಎಂದು ವಿವರಣೆಯಲ್ಲಿ ನೋಡಿ. 20 ಡೆಸಿಬಲ್ ಎಂದರೆ ವೋಲ್ಟೇಜ್ ಹತ್ತು ಪಟ್ಟು. ಅಷ್ಟು ಖಂಡಿತ ಬೇಡ.

ಮುಂದೆ ಇರುವ ಸ್ಪೀಕರಿಗೆ ಹೊಂದಬೇಕು

ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ), ಸ್ಪೀಕರಿನ ಇನ್‌ಪುಟ್ ಇಂಪೀಡೆನ್ಸಿನ ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಇರಲಿ. ಆಂಪ್ ಒಳಗೇ ಇರುವ ಸ್ಪೀಕರ್‌ಗಳಲ್ಲಿ 10,000 ಓಮ್ ಮಾಮೂಲು. ಆಗ ಪ್ರೀಆಂಪಿನದು 1,000 ಓಮ್ ದಾಟಬಾರದು.

ಕಿಟ್ ತಂದು ಬೆಸುಗೆ ಹಾಕಿ ಮಾಡಿಕೊಳ್ಳುವವರು ಔಟ್‌ಪುಟ್ ಕೆಪಾಸಿಟರನ್ನೂ ನೋಡಬೇಕು. 0.22 ಮೈಕ್ರೋಫ್ಯಾರಡ್ ಇದ್ದು ಮುಂದೆ 10,000 ಓಮ್ ಇದ್ದರೆ ಸುಮಾರು 72 ಹರ್ಟ್ಜ್‌ನಿಂದ ಕೆಳಗಿನ ಸದ್ದು ಜಾರತೊಡಗುತ್ತದೆ. ಮದ್ದಳೆಯ ತುಂಬು ನಾದ ಸೊರಗುತ್ತದೆ. 1 ಮೈಕ್ರೋಫ್ಯಾರಡ್ ಹಾಕಿದರೆ ಅದೇ ಮಿತಿ 16 ಹರ್ಟ್ಜ್‌ಗೆ ಇಳಿಯುತ್ತದೆ.

ಹೊಳೆಯುವುದೆಲ್ಲ ಟ್ಯೂಬಿನ ಬೆಳಕಲ್ಲ

ಕೆಲವು ಪೆಟ್ಟಿಗೆಗಳಲ್ಲಿ ಟ್ಯೂಬಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ಸ್ವಿಚ್ ಒತ್ತಿದ ಕೂಡಲೇ ಪೂರ್ತಿ ಬೆಳಕು ಬಂದರೆ ಅದು ಎಲ್‌ಇಡಿ. ಒಳಗಿನ ತಂತಿ ಕಾದು ಕೆಂಪಾಗಲು ಕೆಲವು ಸೆಕೆಂಡ್ ಬೇಕು, ಬೆಳಕೂ ಮಂದ. ಎಲ್‌ಇಡಿ ಇದ್ದ ಮಾತ್ರಕ್ಕೆ ಪೆಟ್ಟಿಗೆ ಕೆಟ್ಟದ್ದಲ್ಲ. ಆದರೆ ಬೆಳಕು ನೋಡಿ ಬೆಲೆ ಕಟ್ಟಬೇಡಿ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಟ್ಯೂಬಿಗೆ ಒಳಗೆ ಎಷ್ಟು ವೋಲ್ಟ್ ಸಿಗುತ್ತದೆ? 12ಎಎಕ್ಸ್7ಗೆ ತಯಾರಕರು ಹೇಳುವ ಮಾಮೂಲು ಲೆಕ್ಕ 100ರಿಂದ 250 ವೋಲ್ಟ್. 12 ವೋಲ್ಟ್ ಅಡಾಪ್ಟರಿನ ಪೆಟ್ಟಿಗೆಯಲ್ಲಿ ಒಂದೋ ಅದನ್ನು ಒಳಗೆ ಏರಿಸುತ್ತಾರೆ, ಇಲ್ಲ ಟ್ಯೂಬನ್ನು ಕಡಿಮೆ ವೋಲ್ಟಿನಲ್ಲೇ ಓಡಿಸುತ್ತಾರೆ. ಕಡಿಮೆ ವೋಲ್ಟಿನಲ್ಲಿ ದೊಡ್ಡ ಸಿಗ್ನಲ್ ಬಂದರೆ ಸ್ವರ ಬೇಗ ಒಡೆಯುತ್ತದೆ. ಏರಿಸುವ ಮಾದರಿಯಾದರೆ ಮುಚ್ಚಳ ತೆಗೆಯಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಕೊಡಬಹುದು.

ನಮ್ಮ ಕರೆಂಟು, ನಮ್ಮ ಮಳೆ

ಅಡಾಪ್ಟರ್ ವಿಷಯದಲ್ಲಿ ಎಚ್ಚರ. ಹೆಚ್ಚಿನವು 12 ವೋಲ್ಟ್ ಡಿಸಿ. ಆದರೆ 6ಜೆ1 ಕಿಟ್ ಬೋರ್ಡುಗಳಲ್ಲಿ ಹಲವು 12 ವೋಲ್ಟ್ ಎಸಿ ಕೇಳುತ್ತವೆ. ಮನೆಯಲ್ಲಿದ್ದ ವೈಫೈ ರೌಟರಿನ ಡಿಸಿ ಅಡಾಪ್ಟರ್ ಚುಚ್ಚಿದರೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ.

ಆನ್ ಮಾಡುವಾಗ ಮೊದಲು ಪ್ರೀಆಂಪ್, ಅರ್ಧ ನಿಮಿಷ ಬಿಟ್ಟು ಸ್ಪೀಕರ್. ಆಫ್ ಮಾಡುವಾಗ ಮೊದಲು ಸ್ಪೀಕರ್. ಕರೆಂಟ್ ಹೋದರೆ ಎದ್ದು ಸ್ಪೀಕರಿನ ಸ್ವಿಚ್ ಆರಿಸಿಬಿಡಿ. ಇಲ್ಲದಿದ್ದರೆ ಕರೆಂಟ್ ವಾಪಸ್ ಬರುವಾಗ ಧಡ್ ಎಂಬ ಹೊಡೆತ ನೇರ ಸ್ಪೀಕರಿನ ಕೋನಿಗೆ ಬೀಳಬಹುದು. ತುಲಾ ಮಾಸದ ಸಂಜೆ ಗುಡುಗು ಶುರುವಾದರೆ ಎಲ್ಲದರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಗುಂಯ್ ಎಂಬ ಸದ್ದು ಬಂದರೆ ಟ್ಯೂಬನ್ನು ದೂರುವ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗಿನ ಸುತ್ತು, ಅಂದರೆ ಬೇರೆ ಬೇರೆ ಪ್ಲಗ್ಗುಗಳ ಅರ್ತ್ ತಂತಿಗಳು ಸೇರಿ ಆದ ಬಳೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಅರ್ತ್ ಪಿನ್ನನ್ನು ಮಾತ್ರ ಯಾವತ್ತೂ ಕತ್ತರಿಸಬೇಡಿ, ಜೀವಕ್ಕೆ ಅಪಾಯ.

ಕಡಲ ಬದಿಯ ಉಪ್ಪು ಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಆಗಾಗ ಆನ್ ಮಾಡಿ ಒಳಗೆ ಬೆಚ್ಚಗಾಗಲು ಬಿಡಿ. ಕರಕರ ಕೇಳಿದರೆ ಟ್ಯೂಬ್ ಪೂರ್ತಿ ತಣಿದ ಮೇಲೆ ಕಿತ್ತು, ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹಾಕಿ.

ಕೇಳಿ ನೋಡುವ ಕ್ರಮ

ಬೆರಳಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಿಂಗ್ ಎಂದು ಜೋರಾಗಿ ಕೇಳಿದರೆ ಆ ಟ್ಯೂಬ್ ಅದುರುವಿಕೆಯನ್ನು ಹಿಡಿಯುತ್ತದೆ. ಸ್ಪೀಕರ್ ಇರುವ ಮೇಜಿನಲ್ಲೇ ಅದನ್ನಿಟ್ಟರೆ ಕಿರಿಕಿರಿ, ಬದಲಿ ಟ್ಯೂಬ್ ಕೇಳಿ.

ಆಮೇಲೆ ನಿಮಗೆ ಬಾಯಿಪಾಠವಾಗಿರುವ ಒಂದು ಪದ್ಯ ಆರಿಸಿಕೊಳ್ಳಿ. ಪ್ರೀಆಂಪ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಕೇಳಿ. ಎರಡೂ ಸಲ ಸದ್ದಿನ ಮಟ್ಟ ಒಂದೇ ಇರಬೇಕು. ಸ್ವಲ್ಪ ಜೋರಾಗಿದ್ದದ್ದೇ ಕಿವಿಗೆ ಚೆಂದ ಅನಿಸುತ್ತದೆ, ಅಲ್ವಾ? ಫೋನಿನ ಡೆಸಿಬಲ್ ಆಪ್ ಹಿಡಿದು ಸಮ ಮಾಡಿಕೊಳ್ಳಿ. ಹೀಗೆ ಕೇಳಿದಾಗಲೂ ಸ್ವರ ಹಿತವಾಗಿದ್ದರೆ ಇಟ್ಟುಕೊಳ್ಳಿ. ವ್ಯತ್ಯಾಸ ಗೊತ್ತಾಗದಿದ್ದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲು ಪ್ಯಾಕ್ ಮಾಡಿ ಕಳಿಸಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಬಹುದು.